ದೊಡ್ಡಪ್ಪ ಪಾಸು ಮಾಡಿದ ಕಾದಂಬರಿಗಳು

ನಮ್ಮ ದೊಡ್ಡಪ್ಪನವರು ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಬೇಸಿಗೆಯಲ್ಲಿ, ಬರೀ ಒಂದು ತಿಂಗಳೊಳಗೆ ಇಪ್ಪತ್ತಾರು ಪ್ರೇಮ ಕಾದಂಬರಿಗಳನ್ನು ಓದಿ ಮುಗಿಸಿದರು. ನಂಬಿದರೆ ನಂಬಿ, ಬಿಟ್ಟರೆ ಬಿಡಿ! ಕಾಲೇಜು ಹುಡುಗಿಯರು ಪಠ್ಯಪುಸ್ತಕದ ಒಳಗಿಟ್ಟುಕೊಂಡು ಓದುತ್ತಾರಲ್ಲ, ರಟ್ಟಿನ ಮೇಲೆ ಎರಡು ಜಡೆಯ ಹುಡುಗಿ, ಅವಳ ಹಿಂದೆ ಒಂದು ಕಾರು, ಕಾರಿಗೆ ಒರಗಿ ನಿಂತ ಕಪ್ಪು ಕನ್ನಡಕದವನು, ಅಂಥವು. ನಡುನಡುವೆ ಮಂತ್ರವಾದಿ, ಮಾಯಾದ್ವೀಪ, ಮಾತಾಡುವ ಕುದುರೆ ಇರುವಂಥವೂ ನಾಲ್ಕಾರು ಇದ್ದವು. ಓದಿದವರೋ, ಹಣೆ ತುಂಬ ವಿಭೂತಿ, ಮೂಗಿನ ಕೆಳಗೆ ಪೊದೆ ಮೀಸೆ, ಕಚ್ಚೆ ಪಂಚೆಯ ದೊಡ್ಡ ಮನುಷ್ಯರು. ದಾವಣಗೆರೆಯ ಹತ್ತಿ ಪೇಟೆಯಲ್ಲಿ ಅವರು ಕೆಮ್ಮಿದರೆ ಹರಾಜಿನ ಸವಾಲು ಕೂಗುವವನು ಅರ್ಧಕ್ಕೆ ನಿಲ್ಲಿಸಿ ಇವರ ಮುಖ ನೋಡುತ್ತಿದ್ದ.

ಅವರ ಕೆಲಸ ಹತ್ತಿಯ ಗುಣ ಹೇಳುವುದು. ಗಾಡಿಯಲ್ಲಿ ಬಂದ ಅಂಡಿಗೆಯ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲದ, ಬಾಯಿಗೆ ಕೈ ಹಾಕಿ ಮೇಲಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ ಕೀಳುವರು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯುವರು. ಎಳೆ ಉದ್ದವೋ ಗಿಡ್ಡವೋ, ಕಸವಿದೆಯೋ, ತೂಕ ಬರಲೆಂದು ನೀರು ಹೊಡೆದಿದ್ದಾರೋ, ಎಲ್ಲ ಅಷ್ಟರಲ್ಲೇ ಗೊತ್ತಾಗಬೇಕು. ಆಮೇಲೆ ಕಿವಿಯ ಹಿಂದಿನಿಂದ ಕಾಪಿಂಗ್ ಪೆನ್ಸಿಲ್ ತೆಗೆದು, ಅದರ ತುದಿಯನ್ನು ನಾಲಿಗೆಗೆ ಒತ್ತಿ, ಅಂಡಿಗೆಯ ಮೇಲೆ ನೇರಳೆ ಬಣ್ಣದ ಗುರುತು ಹಾಕಿದರೆ ಅದೇ ಅಂತಿಮ. ಹಾಗಾಗಿ ಸಂಜೆ ಮನೆಗೆ ಬರುವಾಗ ಅವರ ನಾಲಿಗೆ ನೇರಳೆ ಹಣ್ಣು ತಿಂದವರಂತೆ ಇರುತ್ತಿತ್ತು.

ಈ ಕಸುಬು ಪೇಟೆಯಲ್ಲೇ ಉಳಿದಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಮೇಯವೇ ಇರಲಿಲ್ಲ. ದೊಡ್ಡಪ್ಪ ಜಗತ್ತನ್ನೆಲ್ಲ ಮೂರು ಕಡೆ ಕಿತ್ತು ನೋಡುತ್ತಿದ್ದರು! ಮಠದಲ್ಲಿ ಪ್ರವಚನವಿದ್ದರೆ ಶುರುವಿಗೆ ಹತ್ತು ನಿಮಿಷ ಕೂತು ಎದ್ದು ಹೋಗುವರು. ನಡುವೆ ಒಮ್ಮೆ ಬಂದು ನಿಂತು ಕೇಳುವರು. ಕೊನೆಗೆ ಮಂಗಳಾರತಿಗೆ ಹಾಜರು. "ಬಾಳ ಚಲೋ ಹೇಳಿದ್ರು, ಎಳೆ ಉದ್ದ ಐತೆ" ಎಂದು ಮನೆಯಲ್ಲಿ ವರದಿ. ಒಮ್ಮೆ ಆನೆಕೊಂಡದ ಕಡೆ ಒಂದು ಮನೆ ಕೊಳ್ಳಲು ಹೋದವರು ತಲೆಬಾಗಿಲು, ನಡುಮನೆ, ಹಿತ್ತಿಲು ಮೂರನ್ನೇ ನೋಡಿ ಪಾಸು ಮಾಡಿ ಬಂದರು. ಆ ಮನೆಗೆ ಅಡುಗೆಮನೆಯೇ ಇರಲಿಲ್ಲ ಎಂಬುದು ದೊಡ್ಡಮ್ಮ ಹಾಲುಕ್ಕಿಸಲು ಹೋದ ದಿನ ಗೊತ್ತಾಯಿತು.

ಅದೇ ರೀತಿಯಲ್ಲಿ ಅವರು ಆ ವರ್ಷ ಅಕ್ಕನಿಗೆ ಒಂದು ಗಂಡನ್ನೂ ಪಾಸು ಮಾಡಿದ್ದರು. ಅಕ್ಕ ಎಂದರೆ ಅವರ ಒಬ್ಬಳೇ ಮಗಳು. ನಾನು ಅವರ ತಮ್ಮನ ಮಗಳು, ಆಗ ಒಂಬತ್ತನೇ ಕ್ಲಾಸು. ಕೂಡು ಕುಟುಂಬವಾದ್ದರಿಂದ ನನಗೆ ಅವಳು ಒಡಹುಟ್ಟಿದವಳಿಗಿಂತ ಹೆಚ್ಚು. ಗಂಡಿನವರು ಹರಿಹರದವರು, ಪಕ್ಕದ ಸಾರಥಿ ಹಳ್ಳಿಯಲ್ಲಿ ನೀರಾವರಿ ಜಮೀನು. ದೊಡ್ಡಪ್ಪ ಜಮೀನು ನೋಡಿದರು, ಮನೆ ನೋಡಿದರು, ಹುಡುಗನ ಸೋದರಮಾವನನ್ನು ನೋಡಿದರು. ಮೂರು ಕಡೆ ಆಯಿತಲ್ಲ! ಗಂಡಿನವರು ಹೆಣ್ಣು ನೋಡಲು ಬಂದ ದಿನ ಹುಡುಗನ ತಾಯಿ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿದರು. ಹೆದರಿಕೆಗೆ ಅಕ್ಕನ ಬಾಯಿ ಹೊರಡಲಿಲ್ಲ. ಆಕೆ ಸಂತೋಷದಿಂದ ಹೇಳಿದರು: "ಹುಡುಗಿ ಮಾತು ಕಡಿಮಿ. ಅದೇ ನಮಗ ಬೇಕಾಗಿದ್ದು."

ಇಡೀ ಓಣಿಯಲ್ಲಿ ಅಕ್ಕನಷ್ಟು ಮಾತಾಡುವವಳು ಇನ್ನೊಬ್ಬಳಿರಲಿಲ್ಲ. ಬಾವಿಯಿಂದ ಕೊಡ ಸೇದುತ್ತ ಕೊಡದ ಜೊತೆಗೂ ಮಾತಾಡುತ್ತಿದ್ದಳು. ಆವತ್ತಿನಿಂದ ಮಾತು ನಿಲ್ಲಿಸಿದಳು. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ದೊಡ್ಡಪ್ಪನಿಗೆ ಇದರಿಂದ ಆನಂದವೋ ಆನಂದ. "ನೋಡಿದ್ರೇನು, ಹುಡುಗಿಗೆ ಗಾಂಭೀರ್ಯ ಬಂತು!" ಕಾರಹುಣ್ಣಿಮೆಯೊಳಗೆ ಹರಿಹರಕ್ಕೆ ಹೋಗಿ ಮಾತು ಕೊಟ್ಟು ಬರುವುದೆಂದು ನಿಶ್ಚಯವಾಯಿತು. ಅದಕ್ಕೆ ಒಂದು ತಿಂಗಳಿತ್ತು.

ಮಗಳು ಕಿಟಕಿಯ ಹತ್ತಿರ ಸುಮ್ಮನೆ ಕೂರುವುದನ್ನು ನೋಡಲಾಗದೆ ದೊಡ್ಡಮ್ಮ ಒಂದು ದಿನ ಊಟಕ್ಕೆ ಬಡಿಸುತ್ತ ಮಾತು ತೆಗೆದರು. "ಲೈಬ್ರರಿ ಸಾಹೇಬ್ರ ಹತ್ರ ಹುಡುಗ್ಯಾರಿಗೆ ಒಂದು ತಿಂಗಳು ಪುಸ್ತಕ ಹಾಕಿಸ್ರಿ. ಇನ್ನು ಮದುವ್ಯಾದ ಮ್ಯಾಲೆ ಎಲ್ಲಿ ಓದ್ತಾವೆ."

ದೊಡ್ಡಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಕಾದಂಬರಿ ಏನು? ನೋಡದೆ ಮನ್ಯಾಗ ಬಿಟ್ಕೊಳಕ ಬರಂಗಿಲ್ಲ. ಮೊದಲು ನನ್ನ ಕೈಗೆ ಬರಲಿ. ನಾನು ಪಾಸು ಮಾಡಿದ್ದು ಮಾತ್ರ ಇವರು ಓದಬೇಕು."

ಲೈಬ್ರರಿ ಸಾಹೇಬರು ನಮ್ಮ ಓಣಿಯ ತುದಿಯಲ್ಲಿದ್ದರು. ಪುಸ್ತಕಕ್ಕೆ ರಟ್ಟು ಕಟ್ಟುವುದು ಅವರ ಹಿರಿಯರ ಕಸುಬು. ರಟ್ಟು ಕಟ್ಟಲು ಬಂದ ಕಾದಂಬರಿಗಳನ್ನು ಓದಿ ಓದಿ ರುಚಿ ಹತ್ತಿ, ಅಂಗಡಿಯ ಅರ್ಧಭಾಗವನ್ನು ಬಾಡಿಗೆ ಲೈಬ್ರರಿ ಮಾಡಿದ್ದರು. ಬೆರಳಿಗೆ ಸದಾ ಮೈದಾ ಅಂಟು. ಅವರ ಕೈಯಿಂದ ಪುಸ್ತಕ ತೆಗೆದುಕೊಂಡರೆ ಒಂದು ಕ್ಷಣ ಅವರೂ ಜೊತೆಗೆ ಬರುತ್ತಾರೇನೋ ಅನಿಸುತ್ತಿತ್ತು.

ಮೊದಲ ದಿನ ದೊಡ್ಡಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತು ಕಾದಂಬರಿಯ ಮೊದಲ ಪುಟ ಓದಿದರು: ದೇವಸ್ಥಾನ, ಹುಡುಗಿ ಪ್ರದಕ್ಷಿಣೆ ಹಾಕುತ್ತಿದ್ದಾಳೆ. ನಡುವೆ ಬಿಚ್ಚಿದರು: ತಾಯಿಗೆ ಕಾಯಿಲೆ, ಹುಡುಗಿ ಗಂಜಿ ಕುಡಿಸುತ್ತಿದ್ದಾಳೆ. ಕೊನೆಯ ಪುಟ: ಮದುವೆ, ಎಲ್ಲರ ಕಣ್ಣಲ್ಲೂ ನೀರು. "ಪಾಸು!" ಎಂದರು. ರಟ್ಟಿನ ಒಳಮೈಗೆ ನೇರಳೆ ಅಕ್ಷರದಲ್ಲಿ "ಒಂದನೇ ನಂಬರ್, ಕಸ ಇಲ್ಲ" ಎಂದು ಬರೆದು ರುಜು ಹಾಕಿದರು. ಆ ಪುಸ್ತಕದಲ್ಲಿ ಮೊದಲ ಪುಟಕ್ಕೂ ನಡುವಿನ ಗಂಜಿಗೂ ಮಧ್ಯೆ ಏನೇನು ನಡೆದಿತ್ತು ಎಂಬುದನ್ನು ನಾನು ಇವತ್ತಿಗೂ ಹಿರಿಯರ ಮುಂದೆ ಹೇಳಲಾರೆ!

ಮರುದಿನ ಸಾಹೇಬರ ಮಗಳು ಅದನ್ನು ಓದಿ, ರಟ್ಟಿನ ಒಳಗಿನ ಬರಹ ನೋಡಿ, ಬಿದ್ದು ಬಿದ್ದು ನಕ್ಕಳಂತೆ. ಸಾಹೇಬರು ದೊಡ್ಡಪ್ಪನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಸಾವ್ಕಾರ್ರೆ, ಬೇಜಾರು ಮಾಡ್ಕೋಬ್ಯಾಡ್ರಿ. ಹತ್ತಿ ಅಂದ್ರೆ ಅಂಡಿಗೆ ತುಂಬ ಒಂದೇ ಹೊಲದ್ದು ಇರ್ತೈತೆ. ಕಿತಾಬು ಹಂಗಲ್ಲ. ಪುಟಪುಟಕ್ಕೂ ಬ್ಯಾರೆ ಮಾಲು. ಪೂರಾ ಓದ್ಬೇಕು."

ದೊಡ್ಡಪ್ಪನ ಕಸುಬಿಗೇ ಬಿದ್ದ ಪೆಟ್ಟು ಅದು. ತಾವು ಪಾಸು ಮಾಡಿದ ಮಾಲಿನಲ್ಲಿ ಕಸ ಬರುವುದೆಂದರೇನು? ಅವತ್ತೇ ಶಪಥ ಮಾಡಿದರು, ಇನ್ನು ಮೇಲೆ ಪ್ರತಿ ಪುಸ್ತಕವನ್ನೂ ರಟ್ಟಿನಿಂದ ರಟ್ಟಿಗೆ ಓದಿಯೇ ಗುರುತು ಹಾಕುವುದು ಎಂದು. ಶಪಥ ಮಾಡಿದ ದಿನ ತಾವು ಎಲ್ಲಿಗೆ ಕಾಲಿಡುತ್ತಿದ್ದೇವೆಂದು ಅವರಿಗೆ ತಿಳಿದಿರಲಿಲ್ಲ, ಪಾಪ.

ಮೂರನೆಯ ದಿನಕ್ಕೆ ಪುಸ್ತಕ ಅವರ ಜೊತೆ ಪೇಟೆಗೆ ಹೋಗಲು ಶುರುವಾಯಿತು. ಎರಡು ಅಂಡಿಗೆಗಳ ನಡುವೆ ನೆರಳು ಮಾಡಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ತಂದು, ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ ಓದುವರು. ಒಂದು ದಿನ ಹಾವೇರಿ ಕಡೆಯ ರೈತನೊಬ್ಬ ಎದುರಿಗೆ ನಿಂತು, "ಯಜಮಾನ್ರೆ, ನನ್ನ ಹತ್ತಿ ಹೆಂಗೈತ್ರಿ?" ಎಂದು ಮೂರು ಸಲ ಕೇಳಿದನಂತೆ. ದೊಡ್ಡಪ್ಪ ತಲೆಯೆತ್ತಿ, "ಸುಮ್ಮನಿರಪಾ. ಅವಳಿನ್ನೂ ಸ್ಟೇಷನ್ನಾಗೆ ಅದಾಳೆ, ಅವನು ಬಂದಿಲ್ಲ" ಎಂದರಂತೆ! ಅವರ ಕಣ್ಣು ಒದ್ದೆಯಾಗಿದ್ದುದನ್ನು ನೋಡಿ ಆ ರೈತ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡು ತನ್ನ ಗಾಡಿಯ ಹುಲ್ಲಿನ ಮೇಲೆ ಕೂರಿಸಿ ನೀರು ಕೊಟ್ಟನಂತೆ. ಮನೆಯಲ್ಲಿ ಕೇಳಿದರೆ "ಹತ್ತಿ ಧೂಳು" ಎಂಬ ಉತ್ತರ. ಮೂವತ್ತು ವರ್ಷ ಕಣ್ಣಿಗೆ ಬೀಳದ ಧೂಳು ಆ ತಿಂಗಳು ದಿನಾ ಬಿದ್ದಿತು.

ಅವರ ವಿಮರ್ಶೆಗಳಂತೂ ಊರಲ್ಲಿ ಹೆಸರಾದವು. "ಎಳೆ ಉದ್ದ ಐತೆ, ಆದ್ರೆ ನಡುವೆ ನೀರು ಹೊಡೆದಾರೆ." "ಮ್ಯಾಲೆ ಮಾತ್ರ ಬೆಳ್ಳಗೆ, ತಳದಾಗ ಕಸ." "ಹುಡುಗ ಗಿಡ್ಡ ಎಳೆ. ಜಗ್ಗಿದ್ರೆ ಹರಿತಾನೆ." ನಾನು ಮುಂದೆ ಕನ್ನಡ ಎಂ.ಎ. ಮಾಡಿ ದಪ್ಪದಪ್ಪ ವಿಮರ್ಶಾಗ್ರಂಥಗಳನ್ನು ಓದಿದೆ. ನೀರು ಹೊಡೆದಿದ್ದಾರೆ ಎಂಬ ಮಾತನ್ನು ಅಷ್ಟು ಸರಳವಾಗಿ ಹೇಳಿದ ಇನ್ನೊಬ್ಬರನ್ನು ಕಾಣಲಿಲ್ಲ. ಕಾಲೇಜು ಹುಡುಗಿಯರು ಬಂದು, "ಸಾಹೇಬ್ರೆ, ನೇರಳೆ ಅಕ್ಷರ ಇರೋ ಪುಸ್ತಕ ಕೊಡ್ರಿ, ಎಳೆ ಉದ್ದ ಇರೋದು" ಎಂದು ಕೇಳತೊಡಗಿದರು. ಪುಸ್ತಕ ಗೀಚುತ್ತಾರೆಂದು ಮೊದಮೊದಲು ಮುಖ ಸಿಂಡರಿಸುತ್ತಿದ್ದ ಸಾಹೇಬರು ಈಗ ತಾವೇ ಪೆನ್ಸಿಲ್ ಚೂಪು ಮಾಡಿ ಇಡುತ್ತಿದ್ದರು.

ಅವರು ಗುರುತು ಹಾಕಿದ ಪುಸ್ತಕ ನಮ್ಮ ಕೈಗೆ ಬರುತ್ತಿತ್ತು. ನಾನು ನುಂಗುವವಳಂತೆ ಓದುತ್ತಿದ್ದೆ. ಅಕ್ಕನೂ ಓದುತ್ತಿದ್ದಳು. ಮೊದಲಾಗಿದ್ದರೆ ಒಂದೊಂದು ಪುಟಕ್ಕೂ ಒಂದೊಂದು ಭಾಷಣವಾಗುತ್ತಿತ್ತು. ಈಗ ಓದಿ ಮುಚ್ಚಿ ಪಕ್ಕಕ್ಕಿಡುತ್ತಿದ್ದಳು. "ಹೆಂಗಿತ್ತಕ್ಕ?" ಎಂದರೆ, "ಹೂಂ." ನನಗೆ ಅಳು ಬರುತ್ತಿತ್ತು.

ಹದಿನೈದು ಪುಸ್ತಕ ದಾಟಿದ ಮೇಲೆ ದೊಡ್ಡಪ್ಪನ ಷರಾಗಳಲ್ಲಿ ಒಂದು ಹೊಸ ಮಾತು ಸೇರಿಕೊಂಡಿತು. "ಮಾಲು ಚಲೋ ಐತೆ. ಅಪ್ಪ ಸರಿಯಿಲ್ಲ." ಇನ್ನೊಂದರ ಮೇಲೆ, "ಇವನೂ ಹಂಗೇ. ಮಗಳನ್ನ ಕೇಳಲಿಲ್ಲ." ಒಂದು ಮಧ್ಯಾಹ್ನ ಜಗಲಿಯಲ್ಲಿ ಪುಸ್ತಕ ಮಡಚಿಟ್ಟು ದೊಡ್ಡಮ್ಮನನ್ನು ಕೇಳಿದರು.

"ಅಲ್ಲ, ಈ ಕಾದಂಬರಿಯಾಗ ಬರೋ ಅಪ್ಪಂದಿರೆಲ್ಲ ಯಾಕ ಹಿಂಗೆ?"

ದೊಡ್ಡಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣೆತ್ತಲಿಲ್ಲ. "ಬರೆಯೋರು ಎಲ್ಲೋ ನೋಡಿರಬೇಕ್ರಿ."

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆ ದಿನ ಅವರು ಪುಸ್ತಕದ ಮೇಲೆ ಯಾವ ಗುರುತನ್ನೂ ಹಾಕಲಿಲ್ಲ.

ತಿಂಗಳ ಕೊನೆಯಲ್ಲಿ ಅವರ ಕೈಗೆ ಬಂದದ್ದು ಒಂದು ಮಾಯಾಲೋಕದ ಕಥೆ. ಒಬ್ಬ ರಾಜ. ಅವನಿಗೆ ಹಾಡುವ ಮಗಳು. ಅವಳ ದನಿ ಕೇಳಿ ಯಾರಾದರೂ ಎತ್ತಿಕೊಂಡು ಹೋದಾರೆಂಬ ಭಯಕ್ಕೆ ರಾಜ ಮಂತ್ರವಾದಿಯನ್ನು ಕರೆಸಿ, ಮಗಳ ದನಿಯನ್ನು ತೆಗೆಸಿ, ಒಂದು ಹಿತ್ತಾಳೆಯ ಭರಣಿಯಲ್ಲಿ ಹಾಕಿ ಮುಚ್ಚಳ ಬಿಗಿಯುತ್ತಾನೆ. ಕೆಟ್ಟವನಲ್ಲ ಆ ರಾಜ. ಭರಣಿಯನ್ನು ದಿನಾ ತಾನೇ ಒರೆಸುತ್ತಾನೆ, ಹೂ ಇಡುತ್ತಾನೆ. ಹುಡುಗಿ ಮಾತ್ರ ಅರಮನೆಯಲ್ಲಿ ಮೂಕಿಯಾಗಿ ಓಡಾಡುತ್ತಾಳೆ. ಕಡೆಗೊಂದು ದಿನ ರಾಜ ಭರಣಿಯ ಮುಂದೆ ಬಂದು ಕೂರುತ್ತಾನೆ. ಮುಚ್ಚಳಕ್ಕೆ ಕೈ ಹಾಕುತ್ತಾನೆ...

ಅಷ್ಟೇ! ಮುಂದಿನ ಹಾಳೆಗಳಿಲ್ಲ. ನೂರು ಕೈ ಬದಲಾಯಿಸಿದ ಪುಸ್ತಕ, ಕೊನೆಯ ಹಾಳೆಗಳು ಎಲ್ಲಿ ಉದುರಿದ್ದವೋ ಯಾರಿಗೆ ಗೊತ್ತು.

ದೊಡ್ಡಪ್ಪ ಕೈಯಲ್ಲಿ ಪುಸ್ತಕ ಹಿಡಿದುಕೊಂಡೇ ಸಾಹೇಬರ ಅಂಗಡಿಗೆ ನಡೆದರು. ನಾನೂ ಹಿಂದೆ ಓಡಿದೆ.

"ಸಾಹೇಬ್ರೆ, ತೆಗೆದನೋ ಇಲ್ಲೋ?"

"ಏನು ಸಾವ್ಕಾರ್ರೆ?"

"ಭರಣಿ! ಮುಚ್ಚಳ ತೆಗೆದನೋ ಇಲ್ಲೋ ಹೇಳ್ರಿ."

"ಅಲ್ಲಾನ ಕಸಮ್, ನನಗೂ ಗೊತ್ತಿಲ್ಲ. ಬಂದಾಗಿಂದ ಹಂಗೇ ಐತೆ. ಹರಿಹರದಾಗ ಗುಡಿ ಹತ್ರ ನಮ್ಮ ದೋಸ್ತ್ ಒಬ್ಬ ಲೈಬ್ರರಿ ಇಟ್ಟಾನೆ. ಅವನ ಹತ್ರ ಪೂರಾ ಇರಬಹುದು."

ಮರುದಿನ ಬೆಳಿಗ್ಗೆಯೇ ದೊಡ್ಡಪ್ಪ ಜರತಾರಿ ರುಮಾಲು ಸುತ್ತಿ ಹರಿಹರಕ್ಕೆ ಹೊರಟರು. ಹೇಗೂ ಗಂಡಿನವರಿಗೆ ಮಾತು ಕೊಡಬೇಕಿತ್ತು, ಕಾರಹುಣ್ಣಿಮೆಗೆ ಒಂದೇ ದಿನ ಉಳಿದಿತ್ತು. ದೊಡ್ಡಮ್ಮ ವೀಳ್ಯದೆಲೆ, ಅಡಿಕೆ, ಕಾಯಿ ಕಟ್ಟಿ ಕೈಚೀಲಕ್ಕೆ ಹಾಕಿದರು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತಿದ್ದಳು. ಬಸ್ಸಿನ ದಾರಿಗೆ ತಿರುಗುವ ಮುಂಚೆ ದೊಡ್ಡಪ್ಪ ಒಮ್ಮೆ ಹಿಂತಿರುಗಿ ನೋಡಿದರು. ಅವಳು ಏನಾದರೂ ಹೇಳಿಯಾಳೆಂದು ನಾನು ಕಾದೆ. ಹೇಳಲಿಲ್ಲ.

ಸಂಜೆ, ದೀಪ ಹಚ್ಚುವ ಮುಂಚೆಯೇ ವಾಪಸು ಬಂದರು. ಕೈಚೀಲವನ್ನು ದೊಡ್ಡಮ್ಮ ತೆಗೆದುಕೊಂಡಾಗ ವೀಳ್ಯದೆಲೆ ಕಟ್ಟಿದ್ದು ಕಟ್ಟಿದಂತೆಯೇ ಇತ್ತು.

"ಗಂಡಿನ ಮನಿಗೆ ಹೋದ್ರೇನ್ರೀ?"

"ಇಲ್ಲ."

"ಮತ್ತೆ ಪುಸ್ತಕ?"

"ಸಿಗಲಿಲ್ಲ."

ಕಾಲು ತೊಳೆದು ಬಂದು ನಡುಮನೆಯ ಕಂಬಕ್ಕೆ ಒರಗಿ ಕೂತರು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ನನ್ನನ್ನೂ ಅಕ್ಕನನ್ನೂ ನೋಡಿದರು. ಅಷ್ಟು ದಣಿದ ದೊಡ್ಡಪ್ಪನನ್ನು ನಾನು ಎಂದೂ ನೋಡಿರಲಿಲ್ಲ.

"ನಿಮಗ್ಯಾರಿಗಾದ್ರೂ ಗೊತ್ತೈತೇನ್ರವ್ವ, ಆ ರಾಜ ಭರಣಿ ತೆಗೆದನೋ ಇಲ್ಲೋ?"

ಆ ಹರಿದ ಪುಸ್ತಕವನ್ನು ನಾವಿಬ್ಬರೂ ಹಿಂದಿನ ರಾತ್ರಿಯೇ ಓದಿದ್ದೆವು. ನಾನು ಇಲ್ಲವೆಂದು ತಲೆಯಾಡಿಸಿದೆ. ಆಗ ಅಕ್ಕ ಬಾಯಿ ತೆರೆದಳು. ಒಂದು ತಿಂಗಳಿಗೆ ಅವಳಾಡಿದ ಮೊದಲ ಪೂರ್ತಿ ವಾಕ್ಯ ಅದು. "ನನಗೆ ಗೊತ್ತೈತೆ ಅಪ್ಪಾಜಿ. ಶಾಲೆಯಾಗ ಗೆಳತಿ ಹೇಳಿದ್ಲು."

ನನಗೆ ಎಷ್ಟು ಸಿಟ್ಟು ಬಂತು! ಗೊತ್ತಿದ್ದೂ ನನಗೆ ಹೇಳಿರಲಿಲ್ಲವಲ್ಲ!

"ಹೇಳವ್ವ" ಎಂದರು ದೊಡ್ಡಪ್ಪ.

"ತೆಗೆದ. ದನಿ ಹೊರಗೆ ಬಂತು. ಆದ್ರೆ ಬಾಳ ದಿನ ಆಗಿಹೋಗಿತ್ತು ಅಪ್ಪಾಜಿ. ಆಕಿಗೆ ಅದು ತನ್ನದು ಅಂತ ಗುರುತೇ ಹತ್ತಲಿಲ್ಲ. ದನಿ ಆಕಿ ಸುತ್ತ ಮೂರು ಸಲ ತಿರುಗಿತು. ಆಕಿ ಸುಮ್ಮನೆ ನೋಡಿಕೋಂತ ನಿಂತ್ಲು. ಆಮ್ಯಾಲೆ ದನಿ ಕಿಟಕಿಯಿಂದ ಹೋಯ್ತು."

ದೂರದಲ್ಲಿ ಮಿಲ್ಲಿನ ಸೈರನ್ ಕೂಗಿ ನಿಂತಿತು. ದೊಡ್ಡಪ್ಪ ರುಮಾಲಿನ ಜರಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆಯುತ್ತ ಕೂತಿದ್ದರು. ಆಮೇಲೆ ಕೇಳಿದರು.

"ನೀನು ಮರೆತಿಲ್ಲಲ್ಲವ್ವ?"

ಅಕ್ಕ ಅತ್ತಳು. ಒಂದು ತಿಂಗಳ ಮಾತೆಲ್ಲ ಅಳುವಾಗಿ ಬಂತು, ಅಳುವಿನ ನಡುನಡುವೆ ಮಾತಾಗಿ ಬಂತು. ಆ ಮನೆ ಬ್ಯಾಡ. ಮಾತಾಡೋಳು ಬ್ಯಾಡ ಅನ್ನೋರ ಮನೆಗೆ ನಾ ಹೋಗಂಗಿಲ್ಲ. ಪಿಯುಸಿ ಓದ್ತೀನಿ. ಕೆಲಸಕ್ಕೆ ಹೋಗ್ತೀನಿ. ದೊಡ್ಡಪ್ಪ ಅವಳನ್ನು ಒಮ್ಮೆಯೂ ತಡೆಯಲಿಲ್ಲ. ಶುರು, ನಡುವೆ, ಕೊನೆ ಎಂದು ಆರಿಸದೆ, ಅವಳು ಹೇಳಿದ್ದನ್ನು ಪೂರಾ ಕೇಳಿದರು. ಒಳಗೆ ಒಲೆಯ ಮೇಲೆ ಸಾರು ಸೀದುಹೋಯಿತು. ದೊಡ್ಡಮ್ಮ ಏಳಲಿಲ್ಲ.

ಮರುದಿನ ಹರಿಹರಕ್ಕೆ ಒಂದು ಕಾರ್ಡು ಹೋಯಿತು. ಅಂಚೆ ಡಬ್ಬಿಗೆ ಹಾಕಿದವಳು ನಾನೇ, ಹಾಗಾಗಿ ಓದದೆ ಬಿಡುತ್ತೇನೆಯೇ? "ತಮ್ಮ ಮನೆತನ ಒಂದನೇ ನಂಬರ್. ಆದರೆ ನಮ್ಮ ಹುಡುಗಿಗೆ ಮಾತು ಬಹಳ. ಮಾಲು ತಮಗೆ ತಪ್ಪಾಗಿ ತೋರಿಸಿದ್ದಕ್ಕೆ ಕ್ಷಮೆ ಇರಲಿ."

ಅಕ್ಕ ಪಿಯುಸಿ ಮುಗಿಸಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಳು. ಬೆಳಗಿನಿಂದ ಸಂಜೆಯವರೆಗೆ ಬರೀ ಮಾತಾಡುವ ಕೆಲಸ! ಮುಂದೆ ಅವಳೇ ಒಪ್ಪಿದವನನ್ನು ಮದುವೆಯಾದಳು. ಅವಳಷ್ಟೇ ಮಾತಿನ ಮಲ್ಲ ನಮ್ಮ ಭಾವ, ಅವರ ಮನೆಗೆ ಹೋದರೆ ನಮ್ಮ ಸರದಿ ಬರುವುದೇ ಇಲ್ಲ. ದೊಡ್ಡಪ್ಪ ವಾರಕ್ಕೆರಡು ಸಲ ಪೇಟೆಯ ಅಂಗಡಿಯ ಫೋನಿನಿಂದ, ಪರ ಊರಿಗೆ ಟ್ರಂಕ್ ಕಾಲ್ ಬುಕ್ ಮಾಡುವ ನಂಬರಿಗೆ ತಿರುಗಿಸುತ್ತಿದ್ದರು.

"ಯಾವ ಊರಿಗೆ ಬೇಕ್ರಿ?" ಎನ್ನುವಳು ಅಕ್ಕ, ಕೆಲಸದ ದನಿಯಲ್ಲಿ.

"ಯಾವ ಊರಿಗೂ ಬ್ಯಾಡವ್ವ" ಎನ್ನುವರು ಇವರು. ಆಮೇಲೆ ರಿಸೀವರನ್ನು ಮೆಲ್ಲಗೆ ಇಡುವರು.

ಆ ತಿಂಗಳ ಮೇಲೆ ಅವರು ಕಾದಂಬರಿ ಓದಲಿಲ್ಲ. "ಸಾಕು, ನೋಡಿದ್ದಾತು" ಎನ್ನುತ್ತಿದ್ದರು. ಹತ್ತು ವರ್ಷದ ಮೇಲೆ, ಎಂಬತ್ತರ ದಶಕ ಮುಗಿಯುತ್ತಿರುವಾಗ, ದೊಡ್ಡಪ್ಪ ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅವರ ಟ್ರಂಕನ್ನು ಸರಸ್ವತಿ ನಗರದ ಅಕ್ಕನ ಮನೆಗೆ ತಂದು ನಾನೂ ಅವಳೂ ತೆಗೆದೆವು. ಜರತಾರಿ ರುಮಾಲು, ಒಂದು ಹಿಡಿ ಉದ್ದ ಎಳೆಯ ಹತ್ತಿ, ಮೂರು ಕಾಪಿಂಗ್ ಪೆನ್ಸಿಲ್. ಎಲ್ಲದರ ತಳದಲ್ಲಿ ಒಂದು ಪುಸ್ತಕ. ಅದೇ, ಭರಣಿಯ ರಾಜನ ಕಥೆ.

ಹರಿಹರದ ಲೈಬ್ರರಿಯ ಮುದ್ರೆ ಅದರ ಮೇಲಿತ್ತು. ಒಳಗೆ ಅಂಟಿಸಿದ ಚೀಟಿಯ ಕೊನೆಯ ತಾರೀಖು ಆ ವರ್ಷದ ಕಾರಹುಣ್ಣಿಮೆಯ ಹಿಂದಿನ ದಿನದ್ದು. ಯಾರ ಅಂಡಿಗೆಯಿಂದಲೂ ಒಂದೆಳೆ ಹತ್ತಿ ಹೆಚ್ಚಿಗೆ ಕೀಳದ ಮನುಷ್ಯ ಲೈಬ್ರರಿ ಪುಸ್ತಕ ವಾಪಸು ಕೊಡದೆ ಹತ್ತು ವರ್ಷ ಬಚ್ಚಿಟ್ಟುಕೊಂಡಿದ್ದರು! ಅಂದರೆ ಆ ದಿನ ಪುಸ್ತಕ ಸಿಕ್ಕಿತ್ತು. ಓದಿಕೊಂಡೇ ಮನೆಗೆ ಬಂದು, ಕಂಬಕ್ಕೆ ಒರಗಿ ಕೂತು, ಗೊತ್ತಿಲ್ಲದವರಂತೆ ಕೇಳಿದ್ದರು.

ನಾನು ಕೊನೆಯ ಪುಟ ತೆಗೆದೆ. ರಾಜ ಮುಚ್ಚಳ ತೆಗೆಯುತ್ತಾನೆ, ದನಿ ಹಾರಿ ಬಂದು ಮಗಳ ಕೊರಳು ಸೇರುತ್ತದೆ, ಅವಳು ಹಾಡುತ್ತಾಳೆ, ಮರುದಿನವೇ ರಾಜಕುಮಾರನೊಂದಿಗೆ ಮದುವೆ. ಅಷ್ಟೇ. ಮೂರು ಸಲ ತಿರುಗಿ ಕಿಟಕಿಯಿಂದ ಹೋದ ದನಿ ಅಲ್ಲೆಲ್ಲೂ ಇರಲಿಲ್ಲ. ಅಕ್ಕನ ಮುಖ ನೋಡಿದೆ. "ಯಾವ ಗೆಳತಿ ಹೇಳಿದ್ಲು?" ಎಂದೆ. ಅವಳು ಪುಟದ ಕೆಳಗಿನ ನೇರಳೆ ಅಕ್ಷರಗಳನ್ನು ನೋಡುತ್ತಿದ್ದಳು.

"ಗಿಡ್ಡ ಎಳೆ. ನೀರು ಹೊಡೆದಾರೆ. ನನ್ನ ಮಗಳು ಹೇಳಿದ್ದು ಒಂದನೇ ನಂಬರ್."

ಇಡೀ ದಾವಣಗೆರೆಯ ಜೊತೆ ದಿನವಿಡೀ ಮಾತಾಡುವ ನಮ್ಮ ಅಕ್ಕನಿಗೆ ಅವತ್ತು ಸಂಜೆಯವರೆಗೆ ಒಂದು ಮಾತೂ ಹೊರಡಲಿಲ್ಲ.